ಮೈಸೂರಿನ ಐಗೇಟ್ ಐದರಲ್ಲೊಂದು ಪ್ಯಾಕೆಟ್ ಹಿಡಿಯುತ್ತೆ, ಮನೆಯ ಚುಕ್ಕೆ ಮದ್ದೂರಿನಾಚೆ ಬೀಳುತ್ತೆ – ತಪ್ಪು ಎಲ್ಲಿದೆ?

ಕುವೆಂಪುನಗರ_2ಮೀ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಎಪಿಆರ್‌ಎಸ್ (ಹ್ಯಾಮ್ ರೇಡಿಯೋದಲ್ಲಿ ಸ್ಥಾನ, ಸಂದೇಶಗಳನ್ನು ಸಣ್ಣ ಡಿಜಿಟಲ್ ಪ್ಯಾಕೆಟ್‌ಗಳಾಗಿ ಕಳಿಸುವ ವ್ಯವಸ್ಥೆ) ಐಗೇಟ್, ಅಂದರೆ ಗಾಳಿಯಲ್ಲಿ ಬಂದ ಪ್ಯಾಕೆಟ್ಟನ್ನು ಇಂಟರ್ನೆಟ್ಟಿಗೆ ದಾಟಿಸುವ ಸ್ಟೇಷನ್, ಕಾರಿನಲ್ಲಿ ತನ್ನ ಸ್ಥಾನ ಕಳಿಸುವ ಒಂದು ಟ್ರ್ಯಾಕರ್ ಸೆಟ್ ಮಾಡಿದ್ದೇನೆ. ಎರಡೂ ಅರ್ಧಂಬರ್ಧ. ವಿವರ ಕೊಡುತ್ತೇನೆ, ಬಲ್ಲವರು ದಾರಿ ತೋರಿಸಿ.

ಐಗೇಟ್: ರಾಸ್ಪ್‌ಬೆರಿ ಪೈ ಜೀರೋ 2 ಡಬ್ಲ್ಯು, ಅಗ್ಗದ ಆರ್‌ಟಿಎಲ್-ಎಸ್‌ಡಿಆರ್ ರಿಸೀವರ್ ಡಾಂಗಲ್ (ಟಿಸಿಎಕ್ಸ್‌ಒ, ಅಂದರೆ ಬಿಸಿಗೆ ಜಗ್ಗದ ಆಸಿಲೇಟರ್ ಇಲ್ಲದ್ದು), ಅದನ್ನು ಓಡಿಸುವ ಆರ್‌ಟಿಎಲ್_ಎಫ್‌ಎಂ ತಂತ್ರಾಂಶದಿಂದ ಪ್ಯಾಕೆಟ್ ಬಿಡಿಸುವ ಡೈರ್‌ವುಲ್ಫ್ ತಂತ್ರಾಂಶಕ್ಕೆ ಆಡಿಯೋ ಪೈಪ್, 144.390 ಮೆಗಾಹರ್ಟ್ಸ್. ಟೆರೇಸ್ ಮೇಲೆ ನೀರಿನ ಟ್ಯಾಂಕ್ ಪಕ್ಕದ ಪೈಪಿಗೆ ಕಾಲು ತರಂಗದ ಗ್ರೌಂಡ್ ಪ್ಲೇನ್ ಆಂಟೆನಾ, ಅಲ್ಲಿಂದ ಕೋಣೆಗೆ 15 ಮೀಟರ್ ಆರ್‌ಜಿ-58 ಕೇಬಲ್.

ಟ್ರ್ಯಾಕರ್: ಬಾವೊಫೆಂಗ್ ಯುವಿ-5ಆರ್ ಹ್ಯಾಂಡಿ, ಆಂಡ್ರಾಯ್ಡ್ ಫೋನ್‌ನಲ್ಲಿ ಎಪಿಆರ್‌ಎಸ್‌ಡ್ರಾಯ್ಡ್ ಆ್ಯಪ್, ಮಧ್ಯೆ ಮನೆಯಲ್ಲೇ ಮಾಡಿದ ಕೇಬಲ್. ಪಿಟಿಟಿ (ಪ್ರಸಾರ ಶುರುಮಾಡುವ ಸ್ವಿಚ್) ತಂತಿ ಇಲ್ಲ, ವಾಕ್ಸ್ (ಸದ್ದು ಕೇಳಿದರೆ ರೇಡಿಯೋ ತಾನೇ ಪ್ರಸಾರಕ್ಕೆ ಹೋಗುವ ಸೌಲಭ್ಯ) ಮೇಲೆ ಓಡಿಸುತ್ತಿದ್ದೇನೆ.

ತೊಂದರೆಗಳು ಇವು. ಮನೆ ಮುಂದೆ ಕಾರು ನಿಲ್ಲಿಸಿ 5 ವ್ಯಾಟ್‌ನಲ್ಲಿ ಬೀಕನ್ (ಸ್ಥಾನ ತಿಳಿಸುವ ಪ್ಯಾಕೆಟ್) ಕಳಿಸಿದರೂ ಐಗೇಟ್ ಐದರಲ್ಲಿ ಒಂದನ್ನಷ್ಟೇ ಡಿಕೋಡ್ ಮಾಡುತ್ತೆ. ಬೇರೆ ಸ್ಟೇಷನ್ ಒಂದೂ ಕೇಳಿಸಿಲ್ಲ. ಮನೆಯ ಸ್ಥಾನಕ್ಕೆ ಒಂದು ಸಣ್ಣ ಟ್ರ್ಯಾಕರ್ ಬೋರ್ಡ್ ಬೇರೆ ಇದೆ. ಮನೆಯ ನಿಖರ ಜಾಗ ಬೇಡ ಅಂತ ಊರಿನ ಅಕ್ಷಾಂಶ-ರೇಖಾಂಶ 12.2958, 76.6394 ತುಂಬಿದೆ. ಚುಕ್ಕೆ ಮಾತ್ರ ಮದ್ದೂರಿಗೂ ಮಳವಳ್ಳಿಗೂ ಮಧ್ಯೆ ಹೊಲದಲ್ಲಿ ಕಾಣುತ್ತೆ. ಕೊನೆಯದು: ಮೈಸೂರು–ಮಂಡ್ಯ ಹೆದ್ದಾರಿಯಲ್ಲಿ ಟ್ರ್ಯಾಕ್ ತಪ್ಪದೆ ಬರಬೇಕಾದರೆ ಚಾಮುಂಡಿ ಬೆಟ್ಟದ ಮೇಲೆ ಡಿಜಿಪೀಟರ್ (ಕೇಳಿದ ಪ್ಯಾಕೆಟ್ಟನ್ನು ಮತ್ತೆ ಗಾಳಿಯಲ್ಲೇ ಕಳಿಸುವ ಸ್ಟೇಷನ್) ಇರಲೇಬೇಕಾ?


ಬೆಸುಗೆಕಡ್ಡಿ

ಚುಕ್ಕೆಯ ವಿಷಯ ಮೊದಲು, ಅದು ಒಂದು ನಿಮಿಷದ ಕೆಲಸ. ಎಪಿಆರ್‌ಎಸ್ ಪ್ಯಾಕೆಟ್‌ನಲ್ಲಿ ಸ್ಥಾನ ಹೋಗುವುದು ದಶಮಾಂಶ ಡಿಗ್ರಿಯಲ್ಲಿ ಅಲ್ಲ. ಡಿಗ್ರಿ, ಆಮೇಲೆ ನಿಮಿಷ, ನಿಮಿಷಕ್ಕೆ ಎರಡು ದಶಮಾಂಶ. ನಿಮ್ಮ ಬೋರ್ಡಿನ ಖಾನೆ ಆ ರೂಪದಲ್ಲಿ ಅಂಕಿ ಕೇಳುತ್ತಿದೆ. ನೀವು 12.2958ನ್ನು 1229.58 ಎಂದು ತುಂಬಿದ್ದೀರಿ, ಅಂದರೆ 12 ಡಿಗ್ರಿ 29.58 ನಿಮಿಷ. ಆಗ ಚುಕ್ಕೆ ಸುಮಾರು 22 ಕಿ.ಮೀ. ಉತ್ತರಕ್ಕೆ ಹೋಯಿತು. 76.6394 ಇನ್ನೂ ಸೊಗಸು: 76 ಡಿಗ್ರಿ 63.94 ನಿಮಿಷ! ಅರವತ್ತು ದಾಟಿದ ನಿಮಿಷವನ್ನೂ ನಕ್ಷೆ ಮರುಮಾತಿಲ್ಲದೆ ಒಪ್ಪಿಕೊಂಡು 77.07 ಡಿಗ್ರಿಗೆ, ಅಂದರೆ 46 ಕಿ.ಮೀ. ಪೂರ್ವಕ್ಕೆ ತಳ್ಳಿದೆ. ಎರಡೂ ಸೇರಿದರೆ ಮದ್ದೂರು–ಮಳವಳ್ಳಿ ಮಧ್ಯವೇ.

ಸರಿಯಾದ ಲೆಕ್ಕ: 0.2958ನ್ನು 60ರಿಂದ ಗುಣಿಸಿ, 17.75. 0.6394ನ್ನು ಗುಣಿಸಿ, 38.36. ಹಾಗಾಗಿ 1217.75 ಉತ್ತರ, 07638.36 ಪೂರ್ವ. ರೇಖಾಂಶದ ಡಿಗ್ರಿಗೆ ಮೂರು ಅಂಕಿ ಬೇಕು, ಮುಂದಿನ ಸೊನ್ನೆ ಬಿಡಬೇಡಿ.

ಮನೆಯ ಜಾಗ ಮರೆಮಾಡಲು ಸುಳ್ಳು ಸ್ಥಾನ ಹಾಕುವ ಅಗತ್ಯವಿಲ್ಲ. ನಿಮಿಷದ ಕೊನೆಯ ಅಂಕಿಗಳ ಜಾಗದಲ್ಲಿ ಖಾಲಿ ಬಿಟ್ಟರೆ ನಕ್ಷೆಯೇ ಅದನ್ನು ಮಸುಕು ಸ್ಥಾನ ಎಂದು ತೋರಿಸುತ್ತೆ. ಒಂದು ಅಂಕಿ ಬಿಟ್ಟರೆ ಸುಮಾರು 185 ಮೀಟರ್, ಎರಡು ಬಿಟ್ಟರೆ 1.85 ಕಿ.ಮೀ. ಮಸುಕು. ಐಗೇಟ್‌ಗೆ ಎರಡು ಅಂಕಿ ಬಿಟ್ಟರೂ ನಡೆಯುತ್ತೆ.

ಈಗ ಟ್ರ್ಯಾಕರ್. ವಾಕ್ಸ್ ತೆಗೆದುಹಾಕಿ. ವಾಕ್ಸ್ ಎಚ್ಚರಗೊಳ್ಳಲು ಹೊತ್ತು ಬೇಕು, ಅಷ್ಟರಲ್ಲಿ ಪ್ಯಾಕೆಟ್‌ನ ತಲೆ ಹೋಗಿರುತ್ತೆ. ಎಎಕ್ಸ್.25ರಲ್ಲಿ (ಈ ಪ್ಯಾಕೆಟ್‌ಗಳ ರಚನೆಯ ನಿಯಮ) ತಲೆ ಹೋದರೆ ಇಡೀ ಪ್ಯಾಕೆಟ್ ಹೋದಂತೆ. ಒಂದು ಬಿಟ್ ತಪ್ಪಿದರೂ ಚೆಕ್‌ಸಮ್ ಹೊಂದುವುದಿಲ್ಲ, ಅರ್ಧ ಸಿಕ್ಕಿತು ಅನ್ನುವ ಮಾತೇ ಇಲ್ಲ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ವಾಕ್ಸ್ ಎಳೆಯಲು ಬೇಕಾದ ಸದ್ದು, ಸರಿಯಾದ ಡೀವಿಯೇಷನ್‌ಗೆ (ಸದ್ದಿಗೆ ತಕ್ಕಂತೆ ಫ್ರೀಕ್ವೆನ್ಸಿ ಆಚೀಚೆ ಜರುಗುವ ಪ್ರಮಾಣ) ಬೇಕಾದ ಸದ್ದಿಗಿಂತ ಸಾಮಾನ್ಯವಾಗಿ ಜಾಸ್ತಿ. ನೀವು ವಾಕ್ಸ್ ಎಳೆಯಲಿ ಅಂತ ವಾಲ್ಯೂಮ್ ಏರಿಸುತ್ತೀರಿ, ಡೀವಿಯೇಷನ್ ಮಿತಿ ದಾಟದಂತೆ ರೇಡಿಯೋದೊಳಗಿರುವ ಲಿಮಿಟರ್ ಟೋನನ್ನು ಕತ್ತರಿಸುತ್ತೆ, ಆ ಕಡೆ ಪ್ಯಾಕೆಟ್‌ನ ಬಿಟ್‌ಗಳನ್ನು ಹೊರುವ 1200 ಮತ್ತು 2200 ಹರ್ಟ್ಸ್ ಟೋನ್ ಎರಡೂ ಕಲಸುಮೇಲೋಗರ. ಮೇಲಾಗಿ ಫೋನಿಗೆ ಬಂದ ವಾಟ್ಸಾಪ್ ಟಿಣ್ ಶಬ್ದವೂ 144.390ರಲ್ಲಿ ಪ್ರಸಾರವಾಗುತ್ತೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಜಿಪಿಎಸ್ ಮಾತ್ರ ಆನ್ ಇಡಿ. ಡಾಲ್ಬಿ, ಈಕ್ವಲೈಜರ್ ಇದ್ದರೆ ಆಫ್.

ಪಿಟಿಟಿಗೆ ಅಗ್ಗದ ಉಪಾಯ ಹೀಗೆ. ಫೋನಿನ ಎರಡೂ ಚಾನೆಲ್‌ಗಳಲ್ಲಿ ಒಂದೇ ಟೋನ್ ಬರುತ್ತೆ. ಎಡ ಚಾನೆಲ್ಲನ್ನು ಮಾತ್ರ ಮೈಕಿಗೆ ಕೊಡಿ: 10 ಕಿಲೋಓಮ್ ಸರಣಿಯಲ್ಲಿ, ಆಮೇಲೆ 1 ಕಿಲೋಓಮ್ ಪ್ರೀಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಗ್ರೌಂಡಿಗೆ, ಪ್ರೀಸೆಟ್‌ನ ನಡು ಕಾಲಿನಿಂದ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಮೈಕ್. ಬಲ ಚಾನೆಲ್‌ನಿಂದ ಇನ್ನೊಂದು 1 ಮೈಕ್ರೋಫ್ಯಾರಡ್, ಎರಡು ಬಿಎಟಿ85 ಶಾಟ್ಕಿ ಡಯೋಡ್‌ಗಳ ವೋಲ್ಟೇಜ್ ಡಬ್ಲರ್, 4.7 ಮೈಕ್ರೋಫ್ಯಾರಡ್‌ಗೆ ತುಂಬಿ, 22 ಕಿಲೋಓಮ್ ಮೂಲಕ ಬಿಸಿ547 ಟ್ರಾನ್ಸಿಸ್ಟರಿನ ಬೇಸ್‌ಗೆ. ಟೋನ್ ನಿಂತ ಮೇಲೆ ಹತ್ತನೇ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಪಿಟಿಟಿ ಬಿಡುತ್ತೆ. ಫೋನ್ ವಾಲ್ಯೂಮ್ ಪೂರ್ತಿ ಇಟ್ಟು, ಡೀವಿಯೇಷನ್ನನ್ನು ಪ್ರೀಸೆಟ್‌ನಲ್ಲಿ ಹೊಂದಿಸಿ; ಎರಡೂ ಬೇರೆಬೇರೆಯಾದದ್ದೇ ಇದರ ಲಾಭ. ಹೆಡ್‌ಫೋನ್ ಔಟ್‌ಪುಟ್ ತೀರಾ ಕಡಿಮೆ ಇರುವ ಫೋನ್‌ಗಳಲ್ಲಿ ಬೇಸ್‌ಗೆ ವೋಲ್ಟೇಜ್ ಸಾಲದು, ಮೊದಲು ಮಲ್ಟಿಮೀಟರಲ್ಲಿ 4.7ರ ಮೇಲೆ 0.9 ವೋಲ್ಟ್ ಆದರೂ ಬರುತ್ತದಾ ನೋಡಿ. ಬರದಿದ್ದರೆ ಬ್ಲೂಟೂತ್ ಟಿಎನ್‌ಸಿಯೇ (ಪ್ಯಾಕೆಟ್ ರೇಡಿಯೋದ ಮೋಡೆಮ್) ಗತಿ.

ಯುವಿ-5ಆರ್ ಸಾಕೆಟ್: 3.5 ಮಿ.ಮೀ. ಪಿನ್ನಿನ ನಡುವಿನ ಉಂಗುರ ಮೈಕ್, ಅದರ ಬುಡ ಪಿಟಿಟಿ, 2.5 ಮಿ.ಮೀ. ಪಿನ್ನಿನ ತುದಿ ಸ್ಪೀಕರ್, ಬುಡ ಗ್ರೌಂಡ್. ಕಲೆಕ್ಟರ್ 3.5ರ ಬುಡಕ್ಕೆ, ಎಮಿಟರ್ 2.5ರ ಬುಡಕ್ಕೆ. ಎರಡು ಪಿನ್ನಿನ ಬುಡಗಳನ್ನು ಗ್ರೌಂಡ್ ಅಂದುಕೊಂಡು ಒಟ್ಟಿಗೆ ಬೆಸೆದರೆ ರೇಡಿಯೋ ಸದಾ ಟ್ರಾನ್ಸ್‌ಮಿಟ್ಟಿನಲ್ಲೇ ನಿಂತುಬಿಡುತ್ತೆ, ಎಚ್ಚರ.

ಮೆನುವಿನಲ್ಲಿ 3 (ಬ್ಯಾಟರಿ ಸೇವ್) ಆಫ್, 4 (ವಾಕ್ಸ್) ಆಫ್, 5 ವೈಡ್, 7 (ಡ್ಯುಯಲ್ ವಾಚ್) ಆಫ್. ಸೇವ್ ಆನ್ ಇದ್ದರೆ ರಿಸೀವರ್ ತೂಕಡಿಸುತ್ತಾ ಇರುತ್ತೆ, ಒಂದು ಸೆಕೆಂಡೂ ಇರದ ಪ್ಯಾಕೆಟ್ ಬಂದು ಹೋಗಿರುತ್ತೆ. ಸ್ಕ್ವೆಲ್ಚ್ 0.

ಡೀವಿಯೇಷನ್ ಮೀಟರ್ ಇಲ್ಲದೆ ಹೊಂದಿಸುವ ಬಗೆ: ಇನ್ನೊಂದು ರೇಡಿಯೋದಲ್ಲಿ ಕೇಳುತ್ತಾ ಪ್ರೀಸೆಟ್ಟನ್ನು ಸೊನ್ನೆಯಿಂದ ಏರಿಸಿ. ಒಂದು ಹಂತದಲ್ಲಿ ತಿರುಗಿಸಿದರೂ ಸದ್ದು ಏರುವುದಿಲ್ಲ. ಅಲ್ಲಿ ಲಿಮಿಟರ್ ಶುರುವಾಗಿದೆ, ಅಂದಾಜು 5 ಕಿಲೋಹರ್ಟ್ಸ್. ನಮಗೆ ಬೇಕಾದ್ದು 3ರಿಂದ 3.5. ಪ್ರೀಸೆಟ್‌ನ ಕಾಲಿನಲ್ಲಿ ಆಗ ಇದ್ದ ಎಸಿ ವೋಲ್ಟೇಜಿನ ಶೇ 60ಕ್ಕೆ ಇಳಿಸಿ ಬಿಡಿ. ಟಿಎಕ್ಸ್ ಡಿಲೇ (ಪ್ರಸಾರ ಶುರುವಾದ ಮೇಲೆ ಪ್ಯಾಕೆಟ್ ಹೊರಡುವ ಮೊದಲಿನ ಕಾಯುವಿಕೆ) 300 ಮಿಲಿಸೆಕೆಂಡ್ ಇರಲಿ.


ಸಕ್ಕರೆನಾಡು_73

ಬೆಸುಗೆಕಡ್ಡಿ ಸಾ ಕಳಿಸೋ ಕಡೆ ಹೇಳವ್ರೆ, ನಾನು ಹಿಡಿಯೋ ಕಡೆ ಹೇಳ್ತೀನಿ.

ಮನೆ ಮುಂದೆ ನಿಂತು 5 ವ್ಯಾಟ್ ಹೊಡೆದ್ರೆ ಅದು ಟೆಸ್ಟೇ ಅಲ್ಲ ಕಣ್ರೀ. ಆರ್‌ಟಿಎಲ್ ಡಾಂಗಲ್ ಎಂಟು ಬಿಟ್‌ದು, ಮೂವತ್ತು ಅಡಿಯಿಂದ ಅಷ್ಟು ಪವರ್ ಬಂದ್ರೆ ಮುಂಭಾಗ ತುಂಬಿ ತುಳುಕುತ್ತೆ, ಟೋನ್ ಒಡೆದೋಗುತ್ತೆ. ಲೋ ಪವರಿಗೆ ಹಾಕಿ, ಎರಡು ಕಿಲೋಮೀಟರ್ ಆಚೆ ಹೋಗಿ ಅಲ್ಲಿಂದ ಕಳಿಸಿ. ನಿಮ್ಗೆ ನಂಬಿಕೆ ಬರಲ್ಲ, ಹತ್ತಿರಕ್ಕಿಂತ ಅಲ್ಲೇ ಚೆನ್ನಾಗಿ ಡಿಕೋಡ್ ಆದ್ರೂ ಆಗ್ಬೋದು.

ಟಿಸಿಎಕ್ಸ್‌ಒ ಇಲ್ಲದ ಡಾಂಗಲ್ ಅಂದ್ರಲ್ಲ, ಅಲ್ಲೇ ಇದೆ ಇನ್ನೊಂದು ಗಂಟು. 144 ಮೆಗಾಹರ್ಟ್ಸ್‌ನಲ್ಲಿ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪು) ಅಂದ್ರೆ 144 ಹರ್ಟ್ಸ್. ಅಗ್ಗದ ಡಾಂಗಲ್ 40–50 ಪಿಪಿಎಂ ಆಚೀಚೆ ಇರೋದು ಮಾಮೂಲಿ. 50 ಪಿಪಿಎಂಗೆ 7.2 ಕಿಲೋಹರ್ಟ್ಸ್ ಪಕ್ಕಕ್ಕೆ ಹೋಯ್ತು. ನೀವು 144.390 ಅಂತಿದ್ದೀರಿ, ಅದು ಕೇಳ್ತಿರೋದು 144.397. ಹೆಂಗೆ ನೋಡೋದು ಅಂದ್ರೆ, ಡಾಂಗಲ್ಲನ್ನ ಹದಿನೈದು ನಿಮಿಷ ಬಿಸಿ ಆಗಕ್ಕೆ ಬುಡಿ. ಎಸ್‌ಡಿಆರ್ ತಂತ್ರಾಂಶದಲ್ಲಿ ಜಲಪಾತ (ಸಿಗ್ನಲ್ಲು ಗೆರೆಗಳಾಗಿ ಕಾಣೋ ವಾಟರ್‌ಫಾಲ್ ಪರದೆ) ತೆಗೀರಿ. ಹ್ಯಾಂಡಿನ ಬೇರೆ ಕೋಣೇಲಿಟ್ಟು ಲೋ ಪವರಲ್ಲಿ ಮಾತಾಡದೆ ಒತ್ತಿ. ಗೆರೆ ಎಷ್ಟು ಪಕ್ಕದಲ್ಲಿ ಬಿತ್ತೋ ಅದನ್ನ ಹರ್ಟ್ಸ್‌ನಲ್ಲಿ ಬರ್ಕೊಂಡು 144ರಿಂದ ಭಾಗಿಸಿ, ಬಂದದ್ದೇ ಪಿಪಿಎಂ. ಅದನ್ನ ಆರ್‌ಟಿಎಲ್_ಎಫ್‌ಎಂನ ಪಿ ಆಯ್ಕೆಗೆ ಕೊಡಿ. ಹ್ಯಾಂಡಿನೂ ಒಂದೆರಡು ಪಿಪಿಎಂ ಸುಳ್ಳು ಹೇಳುತ್ತೆ, ಅದು ಮುನ್ನೂರು ಹರ್ಟ್ಸ್ ಲೆಕ್ಕ, ಎಫ್‌ಎಂಗೆ ಏನೂ ಆಗಲ್ಲ. ಡೀ-ಎಂಫಸಿಸ್ (ಹೆಚ್ಚಿನ ಸ್ವರಗಳನ್ನ ಇಳಿಸೋದು) ಆಯ್ಕೆ ಹಾಕ್ಬೇಡಿ.

ಗೇನ್ ಆಟೋ ಬೇಡ. 35–40ರಲ್ಲಿ ಶುರು ಮಾಡಿ, ಇಳಿಸ್ತಾ ಬನ್ನಿ. ನೀವಿರೋದು ಮೈಸೂರು ಪೇಟೆ ಒಳಗೆ, ಆಕಾಶವಾಣಿ 100.6 ಇದೆ, ಖಾಸಗಿ ಎಫ್‌ಎಂ ಚಾನೆಲ್ಲುಗಳವೆ, ಎಲ್ಲ ಕಿಲೋವ್ಯಾಟ್ ಗಿರಾಕಿಗಳು. ಡಾಂಗಲ್ ಮುಂದೆ 88–108 ತಡೆಯೋ ಎಫ್‌ಎಂ ನಾಚ್ ಫಿಲ್ಟರ್ ಒಂದು ಹಾಕ್ಲೇಬೇಕು. ಪೇಟೇಲಿ ಆಂಪ್ಲಿಫೈಯರ್ ಹಾಕಕ್ಕಿಂತ ಮುಂಚೆ ಫಿಲ್ಟರ್, ಇದು ನೆನಪಿರಲಿ.

ಕೇಬಲ್: ಆರ್‌ಜಿ-58, 15 ಮೀಟರಿಗೆ 3 ಡಿಬಿ ತಿಂತು, ಬಂದ ಸಿಗ್ನಲ್ಲಲ್ಲಿ ಅರ್ಧ. ರಿಸೀವ್ ಒಂದೇ ಆದ್ರೆ ಡಿಶ್ ಟಿವಿಯೋರು ಎಳೆಯೋ ಆರ್‌ಜಿ-6 ಹಾಕಿ, ಇಷ್ಟು ದೂರಕ್ಕೆ 1.2 ಡಿಬಿ ಆಸುಪಾಸು. 75 ಓಮ್ ಅಲ್ವಾ ಅಂತ ಯೋಚ್ನೆ ಮಾಡ್ಬೇಡಿ, 1.5ಕ್ಕೆ 1 ಎಸ್‌ಡಬ್ಲ್ಯುಆರ್ (ಹೊಂದಾಣಿಕೆ ಎಷ್ಟು ತಪ್ಪಿದೆ ಅನ್ನೋ ಅಳತೆ) ರಿಸೀವಿಗೆ ಲೆಕ್ಕಕ್ಕಿಲ್ಲ. ಟ್ರಾನ್ಸ್‌ಮಿಟ್ ಮಾಡೋ ಹಂಗಿದ್ರೆ ಆರ್‌ಜಿ-213.

ಆಂಟೆನಾ ಅಳತೆ ಒಂದ್ಸಲ ನೋಡ್ಕೊಳಿ: 144.39ಕ್ಕೆ ನಡುಕಡ್ಡಿ 49 ಸೆಂ.ಮೀ., ಕೆಳಗಿನ ನಾಲ್ಕು 52, 45 ಡಿಗ್ರಿ ಬಗ್ಗಿಸಿರಬೇಕು. ಸಿಂಟೆಕ್ಸ್ ಟ್ಯಾಂಕ್ ಪಕ್ಕ ಅಂಟಿಸಿಟ್ರೆ ಆ ದಿಕ್ಕಿಗೆ ಕುರುಡು. ನೀರು ತುಂಬಿದ ಟ್ಯಾಂಕು 2 ಮೀಟರ್ ಬ್ಯಾಂಡಿಗೆ ಗೋಡೆ ಇದ್ದಂಗೆ. ಟ್ಯಾಂಕಿನ ತಲೆಗಿಂತ ಒಂದು ಮೀಟರ್ ಮೇಲಕ್ಕೆ ಎತ್ತಿ.


ಕುವೆಂಪುನಗರ_2ಮೀ

ಇಬ್ಬರಿಗೂ ಧನ್ಯವಾದ. ಸ್ಥಾನ ಸರಿಮಾಡಿದೆ, ಚುಕ್ಕೆ ಮೈಸೂರಿಗೆ ಬಂತು. ಡಾಂಗಲ್ 6 ಕಿಲೋಹರ್ಟ್ಸ್ ಆಚೆ ಇತ್ತು, 42 ಪಿಪಿಎಂ ಕೊಟ್ಟೆ. ಲೋ ಪವರಿನಲ್ಲಿ ದೂರದಿಂದ ಕಳಿಸಿದವು ಈಗ ಬಹುಪಾಲು ಡಿಕೋಡ್ ಆಗುತ್ತಿವೆ. ಡೈರ್‌ವುಲ್ಫ್ ಪರದೆಯಲ್ಲಿ ಆಡಿಯೋ ಲೆವೆಲ್ 61, ಆವರಣದಲ್ಲಿ 19/9 ಅಂತ ತೋರಿಸುತ್ತಿದೆ. ಇದರ ಅರ್ಥ? ಇನ್ನೊಂದು: ಟಿ. ನರಸೀಪುರ ಕಡೆಗೆ ಹೋದರೆ ಊರು ದಾಟುತ್ತಿದ್ದಂತೆ ಸಿಗ್ನಲ್ ಪೂರ್ತಿ ಸತ್ತುಹೋಗುತ್ತೆ. ಡಿಜಿಪೀಟರ್ ಪ್ರಶ್ನೆ ಹಾಗೇ ಉಳಿದಿದೆ.


ಹಳೇ_ಟಿಎನ್‌ಸಿ

61 ಒಟ್ಟು ಮಟ್ಟ. 50ರ ಸುತ್ತಮುತ್ತ ಇರಬೇಕು ಎಂಬುದು ಡೈರ್‌ವುಲ್ಫ್‌ನ ಸಲಹೆ, ನಿಮ್ಮದು ಪರವಾಗಿಲ್ಲ. 19/9ರಲ್ಲಿ ಮೊದಲನೆಯದು 1200 ಹರ್ಟ್ಸ್ ಟೋನಿನ ಬಲ, ಎರಡನೆಯದು 2200ರದ್ದು. ಎರಡೂ ಸಮ ಇದ್ದರೆ ಆರೋಗ್ಯ. ನಿಮ್ಮದರಲ್ಲಿ ಹೆಚ್ಚಿನ ಟೋನ್ ಅರ್ಧಕ್ಕಿಂತ ಕೆಳಗಿದೆ. ಎಫ್‌ಎಂ ರೇಡಿಯೋ ಕಳಿಸುವಾಗ ಹೆಚ್ಚಿನ ಸ್ವರಗಳನ್ನು ಅಷ್ಟಮಕ್ಕೆ (ಸ್ವರದ ಆವರ್ತನ ದುಪ್ಪಟ್ಟಾದಾಗಲೆಲ್ಲ) 6 ಡಿಬಿಯಂತೆ ಎತ್ತುತ್ತದೆ, ಸ್ಪೀಕರಿಗೆ ಬಿಡುವಾಗ ಅಷ್ಟೇ ಇಳಿಸುತ್ತದೆ. 1200ಕ್ಕೂ 2200ಕ್ಕೂ ನಡುವೆ ಇದು 5.3 ಡಿಬಿ. ನಿಮ್ಮ ರಿಸೀವರ್ ಇಳಿಸುವುದಿಲ್ಲ (ಆರ್‌ಟಿಎಲ್_ಎಫ್‌ಎಂ ಸಪಾಟಾಗಿ ಕೊಡುತ್ತದೆ), ಆದ್ದರಿಂದ ಮೈಕ್ ಮೂಲಕ ಬಂದ ಪ್ಯಾಕೆಟ್‌ನಲ್ಲಿ 2200 ಮೇಲೇ ಇರಬೇಕಿತ್ತು. ಕೆಳಗಿದೆ ಅಂದರೆ ಕಳಿಸುವ ಕಡೆ ಯಾವುದೋ ಅದನ್ನು ನುಂಗುತ್ತಿದೆ. ಡೀವಿಯೇಷನ್ ಇನ್ನೂ ಜಾಸ್ತಿ ಇದ್ದು ಲಿಮಿಟರ್ ತಲೆ ಸವರುತ್ತಿರಬಹುದು, ಇಲ್ಲವೇ ಮೈಕ್ ತಂತಿಗೂ ಗ್ರೌಂಡಿಗೂ ನಡುವೆ ದೊಡ್ಡ ಕೆಪಾಸಿಟರ್ ಇರಬಹುದು. ಪ್ರೀಸೆಟ್ಟನ್ನು ಇಳಿಸಿ ಆ ಅನುಪಾತ ಬದಲಾಗುತ್ತದಾ ನೋಡಿ. ಬದಲಾದರೆ ಲಿಮಿಟರ್, ಆಗದಿದ್ದರೆ ಕೆಪಾಸಿಟರ್.

ನರಸೀಪುರದ್ದಕ್ಕೆ ಉತ್ತರ ನಿಮ್ಮ ಟೆರೇಸಿನಿಂದಲೇ ಕಾಣುತ್ತದೆ. ಕುವೆಂಪುನಗರದಿಂದ ಚಾಮುಂಡಿ ಬೆಟ್ಟ ಸುಮಾರು 5 ಕಿ.ಮೀ. ದೂರ, ಹೆಚ್ಚುಕಡಿಮೆ ಪೂರ್ವಕ್ಕೆ. ನರಸೀಪುರವೂ ಅದೇ ದಿಕ್ಕಿನಲ್ಲಿ, ಬೆಟ್ಟದ ಬೆನ್ನಿಗೆ. ಊರಿನ ಮಟ್ಟ ಸಮುದ್ರದಿಂದ 760–770 ಮೀಟರ್, ಬೆಟ್ಟದ ತಲೆ 1,060ರ ಹತ್ತಿರ. ಮುನ್ನೂರು ಮೀಟರ್ ಕಲ್ಲಿನ ನೆರಳು ಅದು, ಪವರ್ ಏರಿಸಿದರೆ ಹೋಗುವುದಿಲ್ಲ.

ಆ ಬೆಟ್ಟದ ಮೇಲೆ ಡಿಜಿಪೀಟರ್ ಇಟ್ಟರೆ ದೃಷ್ಟಿರೇಖೆ ಎಷ್ಟು? ರೇಡಿಯೋ ದಿಗಂತದ ಸೂತ್ರದಂತೆ 4.12ನ್ನು 300 ಮೀಟರ್ ಎತ್ತರದ ವರ್ಗಮೂಲದಿಂದ ಗುಣಿಸಿದರೆ 71 ಕಿ.ಮೀ. ಮಂಡ್ಯ 40 ಕಿ.ಮೀ. ಒಳಗೇ ಬಂತು. ಕೇಳಲು ಹಿತವಾಗಿದೆ. ಆದರೂ ನನ್ನ ಅಭಿಪ್ರಾಯದಲ್ಲಿ ಅದು ಮೊದಲು ಮಾಡುವ ಕೆಲಸವಲ್ಲ, ಲೈಸೆನ್ಸ್ ಮತ್ತು ಅರಣ್ಯ ಇಲಾಖೆಯ ಅನುಮತಿಯ ಮಾತನ್ನು ಪಕ್ಕಕ್ಕಿಟ್ಟರೂ.

ಲೆಕ್ಕ ಹಾಕಿ. 90 ಬೈಟ್‌ನ ಪ್ಯಾಕೆಟ್ 1200 ಬಾಡ್‌ನಲ್ಲಿ 0.6 ಸೆಕೆಂಡ್, ಟಿಎಕ್ಸ್ ಡಿಲೇ ಸೇರಿ 0.9. ಒಂದು ನಿಮಿಷಕ್ಕೆ ಒತ್ತೊತ್ತಾಗಿ ಜೋಡಿಸಿದರೆ 66 ಹಿಡಿಸುತ್ತವೆ. ಆದರೆ ಮಂಡ್ಯದ ಕಾರಿಗೆ ಮೈಸೂರಿನ ಕಾರು ಕೇಳಿಸದು. ಇಬ್ಬರೂ ಚಾನೆಲ್ ಖಾಲಿ ಇದೆ ಎಂದುಕೊಂಡು ಒಟ್ಟಿಗೆ ಕಳಿಸುತ್ತಾರೆ, ಇಬ್ಬರನ್ನೂ ಕೇಳುವ ಬೆಟ್ಟದ ಕಿವಿಯಲ್ಲಿ ಎರಡೂ ಡಿಕ್ಕಿ. ಇಂಥ ಹೇಳದೆಕೇಳದೆ ಕಳಿಸುವ ಆಲೋಹಾ ಪದ್ಧತಿಯಲ್ಲಿ ಚಾನೆಲ್‌ನ ಗರಿಷ್ಠ ಉಪಯೋಗ ಶೇ 18. ಅಂದರೆ ನಿಮಿಷಕ್ಕೆ 12. ಡಿಜಿ ಪ್ರತಿಯೊಂದನ್ನೂ ಮತ್ತೊಮ್ಮೆ ಹೇಳುವುದರಿಂದ ಅದೂ ಅರ್ಧವಾಗಿ ಮೂಲ ಪ್ಯಾಕೆಟ್ 6. ಎತ್ತರದ ಡಿಜಿ ಹೆಚ್ಚು ದೂರ ಕೇಳಿದಷ್ಟೂ ಹೆಚ್ಚು ಜನ ಅದೇ 6ರಲ್ಲಿ ಹಂಚಿಕೊಳ್ಳಬೇಕು.

ಬದಲಿಗೆ ಕಿವಿ ಮಾತ್ರ ಇರುವ ಐಗೇಟ್‌ಗಳನ್ನು ಹಂಚಿ: ಕುವೆಂಪುನಗರ ಇದೆ, ಶ್ರೀರಂಗಪಟ್ಟಣದ ಆಸುಪಾಸು ಒಂದು, ಮಂಡ್ಯ ಒಂದು, ಬೆಟ್ಟದ ನೆರಳಿನಾಚೆ ವರುಣಾ ಕಡೆ ಒಂದು. ಹೆದ್ದಾರಿ ಕಾವೇರಿಗೆ ಇಳಿಯುವ ಶ್ರೀರಂಗಪಟ್ಟಣದ ತಗ್ಗೇ ಹೆಚ್ಚು ಕಾಡುವ ಜಾಗ. ಒಂದೇ ಪ್ಯಾಕೆಟ್ಟನ್ನು ಮೂರು ಐಗೇಟ್ ಹಿಡಿದರೂ ಎಪಿಆರ್‌ಎಸ್-ಐಎಸ್ (ಎಪಿಆರ್‌ಎಸ್‌ನ ಇಂಟರ್ನೆಟ್ ಜಾಲ) ಸರ್ವರ್‌ಗಳು ಮೊದಲು ಬಂದದ್ದನ್ನು ಇಟ್ಟುಕೊಂಡು ಉಳಿದವನ್ನು ಎಸೆಯುತ್ತವೆ, ಆದ್ದರಿಂದ ಕಿವಿ ಹೆಚ್ಚಾದರೆ ನಷ್ಟವಿಲ್ಲ. ಅವುಗಳಲ್ಲಿ ಒಂದಕ್ಕಾದರೂ ಬಾಯಿ ಇರಲಿ, ಇಲ್ಲದಿದ್ದರೆ ಕಾರಿಗೆ ಸಂದೇಶ ವಾಪಸ್ ಹೋಗುವ ದಾರಿಯೇ ಇಲ್ಲ. ಡೈರ್‌ವುಲ್ಫ್‌ನಲ್ಲಿ ಐಜಿಟಿಎಕ್ಸ್‌ಲಿಮಿಟ್ 6 10 ಎಂದಿಡಿ: ನಿಮಿಷಕ್ಕೆ 6, ಐದು ನಿಮಿಷಕ್ಕೆ 10 ದಾಟದು.

ಕಾರಿನ ಪಾತ್ (ಯಾವ ಬಗೆಯ ಡಿಜಿಪೀಟರ್ ಎಷ್ಟು ಸಲ ಮತ್ತೆ ಹೇಳಬೇಕು ಎಂಬ ಸೂಚನೆ) ವೈಡ್1-1, ವೈಡ್2-1. ಮನೆಯ ಬೀಕನ್‌ಗೆ ಪಾತ್ ಬೇಡವೇ ಬೇಡ, ಅರ್ಧ ಗಂಟೆಗೊಮ್ಮೆ ಸಾಕು. ಮನೆ ಎಲ್ಲಿಗೂ ಓಡುವುದಿಲ್ಲ. ಬೆಟ್ಟ ಹತ್ತಿದಾಗ ಕಾರಿನ ಪಾತನ್ನೂ ತೆಗೆಯಿರಿ. ಹೆದ್ದಾರಿಯಲ್ಲಿ 100 ಕಿ.ಮೀ. ವೇಗಕ್ಕೆ 180 ಸೆಕೆಂಡ್ ಅಂತರವೆಂದರೆ ಚುಕ್ಕೆಗಳ ನಡುವೆ 5 ಕಿ.ಮೀ.; 60 ಸೆಕೆಂಡ್ ಎಂದರೆ 1.7. ಸದ್ಯ ಚಾನೆಲ್ ಖಾಲಿ ಇರುವುದರಿಂದ 60 ಇಟ್ಟುಕೊಳ್ಳಿ, ನಾಲ್ಕಾರು ಕಾರು ಸೇರಿದ ದಿನ ಎಲ್ಲರೂ 120ಕ್ಕೆ ಹೋಗಿ. ಸ್ಮಾರ್ಟ್ ಬೀಕನಿಂಗ್‌ನ (ವೇಗಕ್ಕೆ, ತಿರುವಿಗೆ ತಕ್ಕಂತೆ ಬೀಕನ್ ಕಳಿಸುವ ವಿಧಾನ) ತಿರುವಿನ ಕೋನ 30 ಡಿಗ್ರಿ ಇರಲಿ. ಅದನ್ನು 10ಕ್ಕೆ ಇಳಿಸಿದರೆ ಅಗ್ರಹಾರ ವೃತ್ತ ಸುತ್ತುವುದರೊಳಗೆ ನಾಲ್ಕು ಪ್ಯಾಕೆಟ್ ಹೋಗಿರುತ್ತದೆ.

ನಕ್ಷೆಯಲ್ಲಿ ಚುಕ್ಕೆ ಕಂಡ ಮಾತ್ರಕ್ಕೆ ರೇಡಿಯೋ ಕೆಲಸ ಮಾಡಿತು ಎಂದುಕೊಳ್ಳಬೇಡಿ. ಕಚ್ಚಾ ಪ್ಯಾಕೆಟ್ ತೆರೆದು ಕ್ಯೂ ಇಂದ ಶುರುವಾಗುವ ಮೂರು ಅಕ್ಷರ ನೋಡಿ. ಕ್ಯೂಎಸಿ ಇದ್ದರೆ ಅದು ಫೋನಿನ ಇಂಟರ್ನೆಟ್ ಮೂಲಕ ನೇರ ಹೋದದ್ದು. ಕ್ಯೂಎಆರ್ ಅಥವಾ ಕ್ಯೂಎಓ ಇದ್ದರೆ ಗಾಳಿಯಲ್ಲಿ ಬಂದು ಐಗೇಟ್ ಹಿಡಿದದ್ದು, ಪಕ್ಕದಲ್ಲೇ ಐಗೇಟ್‌ನ ಕಾಲ್‌ಸೈನ್ ಇರುತ್ತದೆ.


ಸಕ್ಕರೆನಾಡು_73

ಹಳೇ ಟಿಎನ್‌ಸಿ ಸಾ, ಲೆಕ್ಕ ಒಪ್ಪಿದೆ. ಆದ್ರೆ ಒಂದು ಮಾತು. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟು ಶ್ರೀರಂಗಪಟ್ಟಣದ ತಗ್ಗಿಗೆ ನುಗ್ಗಿದಾಗ, ಕರೆಂಟು ಹೋಗಿ ನೆಟ್ಟೂ ಹೋದ್ರೆ ನಿಮ್ಮ ಕಿವಿ ಐಗೇಟೆಲ್ಲ ಏನ್ಮಾಡ್ತವೆ? ಬೇಕಾಗಿರೋ ಹೊತ್ತಿಗೇ ಬಾಯಿಗೆ ಬೀಗ. ಆವತ್ತು ಕೆಲ್ಸಕ್ಕೆ ಬರೋದು ಡಿಜಿಪೀಟರೇ. ಎಪಿಆರ್‌ಎಸ್ ಕಟ್ಟಿದ ಬಾಬ್ ಬ್ರುನಿಂಗಾ ಅವರೂ ಅದನ್ನೇ ಹೇಳ್ತಿದ್ರು: ಇದು ಬರೀ ವಾಹನ ಹುಡುಕೋ ಆಟ ಅಲ್ಲ, ಸುತ್ತಮುತ್ತ ಏನು ನಡೀತಿದೆ ಅಂತ ಗಾಳೀಲೇ ತಿಳ್ಕೊಳ್ಳೋ ವ್ಯವಸ್ಥೆ.


ಹಳೇ_ಟಿಎನ್‌ಸಿ

ಅದು ನ್ಯಾಯವಾದ ಮಾತು. ಹಾಗಿದ್ದರೆ ತಗ್ಗಿನ ಹತ್ತಿರದ ಮಾಳಿಗೆಯೊಂದರ ಮೇಲೆ ಸಣ್ಣ ತುಂಬುಡಿಜಿ (ಸಿಗ್ನಲ್ ಸಿಗದ ಜಾಗವನ್ನಷ್ಟೇ ತುಂಬುವ ಫಿಲ್-ಇನ್ ಡಿಜಿಪೀಟರ್) ಇಡೋಣ: 5 ವ್ಯಾಟ್, ವೈಡ್1-1ಕ್ಕೆ ಮಾತ್ರ ಉತ್ತರ, ವೈಡ್2ಕ್ಕೆ ಮೌನ. ಡೈರ್‌ವುಲ್ಫ್‌ನ ಡಿಜಿಪೀಟ್ ಸಾಲಿನಲ್ಲಿ ಎರಡೂ ಖಾನೆಗೆ ವೈಡ್1-1 ಮಾತ್ರ ಬರೆದರೆ ಆಯಿತು. ಡೈರ್‌ವುಲ್ಫ್ ಬದಲು ಎಪಿಆರ್‌ಎಕ್ಸ್ ಹಾಕಿದರೆ ವಿಸ್ಕಸ್ ಡಿಲೇ ಸಿಗುತ್ತದೆ. 5 ಸೆಕೆಂಡ್ ಕಾಯುತ್ತದೆ, ಅಷ್ಟರಲ್ಲಿ ಬೇರೆ ಡಿಜಿ ಅದೇ ಪ್ಯಾಕೆಟ್ಟನ್ನು ಹೇಳಿಬಿಟ್ಟರೆ ತಾನು ಬಾಯಿ ತೆರೆಯುವುದಿಲ್ಲ. ಹಳ್ಳಿಗೊಂದು ಡಿಜಿ ಇಟ್ಟು ಎಲ್ಲವೂ ಒಟ್ಟಿಗೆ ಕೂಗುವ ಸ್ಥಿತಿ ಬರದಿರಲು ಇದು ಒಳ್ಳೆಯ ಕಡಿವಾಣ.


ಹೇಮಾವತಿ_ಲೋರಾ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇಷ್ಟೆಲ್ಲ ಕೇಬಲ್, ಡೀವಿಯೇಷನ್ ತಾಪತ್ರಯ ಏಕೆ? ಟಿ-ಬೀಮ್ ಬೋರ್ಡ್ ಒಂದರಲ್ಲೇ ಜಿಪಿಎಸ್, ಲೋರಾ (ಕಡಿಮೆ ಪವರಿನಲ್ಲಿ ದೂರ ಹೋಗುವ ಡಿಜಿಟಲ್ ರೇಡಿಯೋ), ಬ್ಯಾಟರಿ ಎಲ್ಲ ಇದೆ. 433.775 ಮೆಗಾಹರ್ಟ್ಸ್, ಎಸ್‌ಎಫ್12 (ಲೋರಾದ ನಿಧಾನದ, ದೂರ ಹೋಗುವ ಸೆಟ್ಟಿಂಗ್), 125 ಕಿಲೋಹರ್ಟ್ಸ್ ಅಗಲ ಇಟ್ಟರೆ 100 ಮಿಲಿವ್ಯಾಟ್‌ನಲ್ಲೇ ಸಾಕಷ್ಟು ದೂರ ಹೋಗುತ್ತೆ.


ಬೆಸುಗೆಕಡ್ಡಿ

ಬೋರ್ಡ್ ಒಳ್ಳೆಯದೇ, ಆದರೆ ಆ ಫ್ರೀಕ್ವೆನ್ಸಿ ಯೂರೋಪಿನ ರೂಢಿ. ನಮ್ಮಲ್ಲಿ ಹವ್ಯಾಸಿಗಳಿಗೆ ಕೊಟ್ಟಿರುವುದು 434ರಿಂದ 438, 433.775 ಅದರಾಚೆ. ಡೌನ್‌ಲೋಡ್ ಮಾಡಿದ ಫರ್ಮ್‌ವೇರ್‌ನಲ್ಲಿ ಇದ್ದದ್ದನ್ನು ಹಾಗೇ ಬಿಡಬೇಡಿ, ಸುತ್ತಲಿನವರೆಲ್ಲ ಕೂತು 434ರ ಮೇಲೆ ಒಂದನ್ನು ಗೊತ್ತುಮಾಡಿಕೊಂಡು ಎಲ್ಲ ಬೋರ್ಡಿಗೂ ಅದನ್ನೇ ತುಂಬಿ. 435ರ ಮೇಲೆ ಉಪಗ್ರಹದ ಕೆಲಸ ನಡೆಯುತ್ತದೆ, ಅಲ್ಲಿಗೂ ಹೋಗಬೇಡಿ. ಕೊಳ್ಳುವಾಗ 433ರ ಮಾದರಿಯೇ ಬೇಕು. 868ರ ಬೋರ್ಡಿನ ಫಿಲ್ಟರ್, ಆಂಟೆನಾ ಎರಡೂ ಬೇರೆ, ಸಾಫ್ಟ್‌ವೇರಿನಲ್ಲಿ ಬದಲಾಯಿಸಿದರೆ ಆಗುವುದಿಲ್ಲ. ಆಂಟೆನಾ ಇಲ್ಲದೆ ಪವರ್ ಕೊಡಬೇಡಿ.

ಎಸ್‌ಎಫ್12ರಲ್ಲಿ 50 ಬೈಟ್ ಕಳಿಸಲು 2.3 ಸೆಕೆಂಡ್ ಹಿಡಿಯುತ್ತೆ. ಮೇಲೆ ಹೇಳಿದ ಡಿಕ್ಕಿಯ ಲೆಕ್ಕ ಇಲ್ಲಿ ಇನ್ನೂ ಬಿಗಿ. ಜೊತೆಗೆ ಲೋರಾಗೆ 144.390 ಕೇಳಿಸದು, 144.390ಗೆ ಲೋರಾ ಕೇಳಿಸದು. ಪ್ರತ್ಯೇಕ ಐಗೇಟ್ ಬೇಕು.


ಕುವೆಂಪುನಗರ_2ಮೀ

ಮೈಕ್ ತಂತಿಯಲ್ಲಿ 0.1 ಮೈಕ್ರೋಫ್ಯಾರಡ್ ಗ್ರೌಂಡಿಗೆ ಹೋಗಿತ್ತು, ತೆಗೆದೆ. ಈಗ 17/21. ಇನ್ನೆರಡು ಪ್ರಶ್ನೆ. ಬೇರೆ ಸ್ಟೇಷನ್ನೇ ಕೇಳಿಸದಿದ್ದರೆ ರಿಸೀವರ್ ಸರಿ ಇದೆ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ? ಕರೆಂಟು ಹೋದಾಗ ಐಗೇಟ್ ಓಡಿಸಲು ಯಾವ ಬ್ಯಾಟರಿ?


ಹಳೇ_ಟಿಎನ್‌ಸಿ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಕೇಳಿ. ಅದರ ಪ್ಯಾಕೆಟ್ ಡಿಜಿಪೀಟರ್ ಆನ್ ಇರುವ ದಿನಗಳಲ್ಲಿ 145.825ರಲ್ಲಿ ಇದೇ 1200 ಬಾಡ್ ಪ್ಯಾಕೆಟ್ ಬರುತ್ತದೆ. ಡಾಪ್ಲರ್ ಹೆಚ್ಚೆಂದರೆ 3.4 ಕಿಲೋಹರ್ಟ್ಸ್ ಆಚೀಚೆ, ಪಿಪಿಎಂ ಸರಿ ಇದ್ದರೆ ಎಫ್‌ಎಂಗೆ ತಡೆದುಕೊಳ್ಳಬಹುದು. 30 ಡಿಗ್ರಿಗಿಂತ ಮೇಲೆ ಹಾದುಹೋಗುವ ಹೊತ್ತು ನೋಡಿಕೊಳ್ಳಿ. ನಿಮ್ಮ ಗ್ರೌಂಡ್ ಪ್ಲೇನ್‌ಗೆ ನೆತ್ತಿಯ ಮೇಲೆ ಕಿವಿ ಮಂದ, 30ರಿಂದ 50ರ ನಡುವೆ ಚೆನ್ನಾಗಿ ಸಿಗುತ್ತದೆ. ಕಳಿಸುವುದಾದರೆ ಪಾತ್ ಎಆರ್‌ಐಎಸ್‌ಎಸ್ (ನಿಲ್ದಾಣದ ಡಿಜಿಪೀಟರ್ ಒಪ್ಪುವ ಹೆಸರು) ಅಷ್ಟೇ, ವೈಡ್ ಎಲ್ಲ ತೆಗೆಯಿರಿ, ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಬೇಡ. ಆ ಒಂದು ಚಾನೆಲ್ಲನ್ನು ಒಂದೇ ಹೊತ್ತಿಗೆ ಅರ್ಧ ಏಷ್ಯಾ ಕೇಳುತ್ತಿರುತ್ತದೆ.

ಮುಂದೆ ವಿನ್‌ಲಿಂಕ್ (ರೇಡಿಯೋ ಮೂಲಕ ಇಮೇಲ್) ಅಥವಾ ಬಿಬಿಎಸ್ (ಸಂದೇಶ ಫಲಕ) ಎಂದು ಸಂಪರ್ಕ ಕಟ್ಟುವ ಪ್ಯಾಕೆಟ್‌ಗೆ ಇಳಿದರೆ ಅದನ್ನು 144.390ರಲ್ಲಿ ಮಾಡಬೇಡಿ. ಅಲ್ಲಿ ಪ್ರತಿ ಪ್ಯಾಕೆಟ್‌ಗೂ ಒಪ್ಪಿಗೆ ಬರಬೇಕು, ಬರದಿದ್ದರೆ ಮರುಪ್ರಯತ್ನ. ಎರಡು ಸ್ಟೇಷನ್ ಸೇರಿ ಚಾನೆಲ್ ಮುಚ್ಚಿಬಿಡುತ್ತವೆ. ಡೈರ್‌ವುಲ್ಫ್‌ಗೆ 8001ರಲ್ಲಿ ಕಿಸ್, 8000ದಲ್ಲಿ ಎಜಿಡಬ್ಲ್ಯು ಪೋರ್ಟ್ ಇದೆ, ಅದೇ ಪೈಗೆ ಬೇರೆ ತಂತ್ರಾಂಶ ಜೋಡಿಸಬಹುದು. ಫ್ರೀಕ್ವೆನ್ಸಿ ಮಾತ್ರ ಬೇರೆ.


ಸಕ್ಕರೆನಾಡು_73

ಬ್ಯಾಟರಿ ನಾನು ಹೇಳ್ತೀನಿ. ಪೈ ಮತ್ತು ಡಾಂಗಲ್ ಸೇರಿ 5 ವೋಲ್ಟಲ್ಲಿ ಅರ್ಧ ಆಂಪಿಯರ್ ಅಂತ ಇಟ್ಕೊಳಿ. ಬಕ್ ಕನ್ವರ್ಟರ್ ನಷ್ಟ ಸೇರಿ 12 ವೋಲ್ಟಿಂದ ಕಾಲು ಆಂಪಿಯರ್. ಯುಪಿಎಸ್‌ನಲ್ಲಿ ಬರೋ 12 ವೋಲ್ಟ್ 7 ಎಎಚ್ ಸೀಲ್ಡ್ ಬ್ಯಾಟರೀಲಿ ಅರ್ಧ ಮಾತ್ರ ಬಳಸಿದ್ರೂ 14 ಗಂಟೆ. ಪೂರ್ತಿ ಹೀರ್ಬೇಡಿ, ಒಂದು ಬೇಸಿಗೆಗೆ ಸತ್ತೋಗುತ್ತೆ. ಅಗ್ಗದ ಬಕ್ ಕನ್ವರ್ಟರ್ 2 ಮೀಟರಲ್ಲಿ ಗಿಜಿಗಿಜಿ ಅನ್ನುತ್ತೆ. ಎರಡೂ ಕಡೆ ತಂತಿಗೆ ಫೆರೈಟ್ ಉಂಗುರ, ಆಂಟೆನಾ ಕೇಬಲ್ಲಿಂದ ಒಂದು ಮೀಟರ್ ದೂರ.

ಏಪ್ರಿಲ್–ಮೇ ಗುಡುಗು ಮಳೆ ಶುರುವಾಗೋ ಮುಂಚೆ ಕೇಬಲ್ ಮನೆ ಒಳಗೆ ಬರೋ ಜಾಗದಲ್ಲಿ ಸಿಡಿಲು ತಡೆಯೋ ಅರೆಸ್ಟರ್ ಹಾಕಿ, ಅದರ ಅರ್ಥಿಂಗ್ ತಂತಿನ ಮನೆ ಅರ್ಥಿಂಗ್ ಗುಂಡಿಗೇ ಸೇರಿಸಿ. ಎರಡು ಬೇರೆ ಬೇರೆ ಗುಂಡಿ ಇಟ್ರೆ ಸಿಡಿಲಿನ ಹೊತ್ತಲ್ಲಿ ಅವೆರಡರ ಮಧ್ಯೆ ವೋಲ್ಟೇಜ್ ಎದ್ದು ಪೈ ಮೂಲಕವೇ ದಾರಿ ಮಾಡ್ಕೊಳ್ಳುತ್ತೆ. ಅರೆಸ್ಟರ್ ಇದ್ರೂ ಮೋಡ ಕಪ್ಪಾದ್ರೆ ಕೇಬಲ್ ಬಿಚ್ಚಿ ಹೊರಗೆ ಹಾಕೋದೇ ವಾಸಿ.

ಮೆಮರಿ ಕಾರ್ಡ್ ಬಗ್ಗೆ: ಡೈರ್‌ವುಲ್ಫ್ ಲಾಗನ್ನ ಕಾರ್ಡಿಗೆ ಬರಿಯಕ್ಕೆ ಬಿಡ್ಬೇಡಿ, ಟೆಂಪ್‌ಎಫ್‌ಎಸ್‌ಗೆ (ಕಾರ್ಡಿನ ಬದಲು ಪೈನ ರ್ಯಾಮ್‌ನಲ್ಲಿರೋ ಜಾಗ) ತಿರುಗಿಸಿ. ಬರೀತಿರೋ ಹೊತ್ತಲ್ಲೇ ಕರೆಂಟ್ ಹೋದ್ರೆ ಕಾರ್ಡ್ ಕೆಡುತ್ತೆ, ಆಮೇಲೆ ಪೈ ಬೂಟೇ ಆಗಲ್ಲ. ಎಲ್ಲ ಸರಿಯಾದ ಮೇಲೆ ಕಾರ್ಡಿನ ಪೂರ್ತಿ ನಕಲು ಒಂದು ತೆಗೆದು ಇನ್ನೊಂದು ಕಾರ್ಡಿಗೆ ಹಾಕಿ, ಪೈ ಡಬ್ಬಿ ಒಳಗೇ ಟೇಪಲ್ಲಿ ಅಂಟಿಸಿಡಿ. ವರುಣಾ ಕಡೆ ಮಾಳಿಗೆ ಕೊಡೋರು ಯಾರಾದ್ರೂ ಇದ್ರೆ ಇಲ್ಲೇ ಹಾಕಿ, ಡಾಂಗಲ್ಲೂ ಫಿಲ್ಟರೂ ನನ್ನ ಹತ್ರ ಒಂದೊಂದು ಜಾಸ್ತಿ ಇದೆ.